ತಲೆಯ ಮೇಲಿನ ಕೈ

ಮನುಷ್ಯನಿಗೆ ಕೂದಲು ಉದುರುವುದು ದೊಡ್ಡ ಕಷ್ಟವಲ್ಲ. ಉದುರಿದ್ದನ್ನು ಮತ್ತೆ ತಲೆಗೇರಿಸಿಕೊಳ್ಳಲು ಹೊರಡುವುದಿದೆಯಲ್ಲ, ಕಷ್ಟ ಶುರುವಾಗುವುದು ಅಲ್ಲಿಂದ. ಕನ್ನಡಕದಂಗಡಿ ಯಜಮಾನರ ಸಂಗೀತವೂ ಸಂಸಾರವೂ ಒಟ್ಟಿಗೆ ಕೆಟ್ಟದ್ದು ಒಂದು ಹಿಡಿ ಕೂದಲಿನಿಂದ. ಅದೂ ಅವರದಲ್ಲದ ಕೂದಲಿನಿಂದ.

ಬೀದಿಯವರೆಲ್ಲ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಊರಿನ ಅರ್ಧ ಜನ ಲೋಕವನ್ನು ನೋಡುತ್ತಿದ್ದುದು ಅವರು ಮೂಗಿಗೆ ಕೂರಿಸಿಕೊಟ್ಟ ಗಾಜಿನಿಂದ. ತಮ್ಮ ಕಣ್ಣೆದುರಿಗೆ ಇದ್ದದ್ದನ್ನು ಮಾತ್ರ ಅವರು ಕಂಡವರಲ್ಲ. ಈ ಮನುಷ್ಯ ಒಂದು ಕಾಲದಲ್ಲಿ ಟ್ರಂಪೆಟ್ ಊದುತ್ತಿದ್ದರು, ನಾಲ್ಕು ಜನರ ಜಾಝ್ ತಂಡಕ್ಕೆ ಮುಖಂಡರಾಗಿದ್ದರು ಎಂದರೆ ಈಗಿನವರು ನಗುತ್ತಿದ್ದರು. ನಗುವವರ ತಪ್ಪೂ ಅಲ್ಲ. ತಂಡ ಒಡೆದ ವರ್ಷ ಹುಟ್ಟಿದ ಮಕ್ಕಳು ಈಗ ಗಡ್ಡ ಬಿಟ್ಟುಕೊಂಡು ಕನ್ನಡಕ ಕೊಳ್ಳಲು ಬರುತ್ತಿದ್ದರು.

ಒಡೆದ ಬಗೆ ತಿಳಿಯಬೇಕಾದರೆ ಆ ಸಂಗೀತದ ಒಂದು ಪದ್ಧತಿ ತಿಳಿದಿರಬೇಕು. ಮೊದಲು ಎಲ್ಲರೂ ಸೇರಿ ಪಲ್ಲವಿ ನುಡಿಸುತ್ತಾರೆ. ಆಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರು ಪಲ್ಲವಿಯನ್ನು ಬಿಟ್ಟು, ಹಗ್ಗ ಬಿಚ್ಚಿದ ಕರುವಿನ ಹಾಗೆ, ತಮಗೆ ತೋಚಿದ ಕಡೆ ಹೋಗುತ್ತಾರೆ. ಎಷ್ಟು ದೂರ, ಎಷ್ಟು ಹೊತ್ತು ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಸಾಕು, ಎಲ್ಲರೂ ಪಲ್ಲವಿಗೆ ಬನ್ನಿ ಎನ್ನಬೇಕಾದಾಗ ಮುಖಂಡ ಬಾಯಿ ಬಿಡುವಂತಿಲ್ಲ. ಅಂಗೈಯನ್ನು ನೆತ್ತಿಯ ಮೇಲಿಡುತ್ತಾನೆ. ಕೈ ತಲೆಗೆ ಹೋಯಿತೆಂದರೆ ಕರು ಎಲ್ಲಿದ್ದರೂ ಕೊಟ್ಟಿಗೆಗೆ ಬರಬೇಕು.

ಒಂದು ಸಂಜೆ ದೊಡ್ಡ ಹೋಟೆಲಿನಲ್ಲಿ ಸ್ಯಾಕ್ಸೊಫೋನಿನವರ ಸರದಿ ಬಂದಿತ್ತು. ಅವರು ಪರಕೀಯರಲ್ಲ, ಕನ್ನಡಕದವರ ಹೆಂಡತಿಯ ಅಣ್ಣ; ಕಟ್ಟುಹಲ್ಲಿನ ಸೆಟ್ಟು ಮಾಡುವವರು. ಆ ಸಂಜೆ ಭಾವನವರು ಕಣ್ಣು ಮುಚ್ಚಿ ಎಲ್ಲಿಗೋ ಹೊರಟಿದ್ದರು, ತಿನ್ನುವವರ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತ್ತು. ಆಗ ಕನ್ನಡಕದವರ ಕೈ ತಲೆಯ ಮೇಲೆ ಹೋಯಿತು. ಯಾಕೆ ಹೋಯಿತೆಂದು ಅವರು ಹೇಳಲಿಲ್ಲ. ಭಾವನವರು ಕೇಳಲಿಲ್ಲ. ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಅಡುಗೆಮನೆಯ ಬಾಗಿಲಿನಿಂದ ಹೊರಟುಹೋದರು. ಅಂದಿನಿಂದ ಇವರು ಅವರ ಹೊಸಿಲು ತುಳಿಯಲಿಲ್ಲ, ಅವರು ಇವರ ಹೊಸಿಲು ತುಳಿಯಲಿಲ್ಲ. ನಡುವೆ ಹೆಂಡತಿಯಾದವಳು ಅಡಕತ್ತರಿಗೆ ಸಿಕ್ಕ ಅಡಿಕೆಯಾದಳು. ಒಡಹುಟ್ಟಿದವನನ್ನು ತರಕಾರಿ ಅಂಗಡಿಯ ಮುಂದೆ ನಿಂತು ಮಾತಾಡಿಸಿಕೊಂಡು ಬರುವುದೇ ಅವಳಿಗೆ ತವರು.

ಹೀಗಿರುವಾಗ ಸಭಾಭವನದ ಅಧಿಕಾರಿ ಅಂಗಡಿಗೆ ಬಂದರು. ಭವನದ ರಿಪೇರಿ ಮುಗಿದಿತ್ತು, ಬಾಗಿಲು ತೆರೆಯುವ ದಿನಕ್ಕೆ ಏನಾದರೂ ಕಾರ್ಯಕ್ರಮ ಬೇಕಿತ್ತು. ಕಪಾಟು ಸರಿಸಿದಾಗ ಹಿಂದೆ ಒಂದು ಹಳೆಯ ಫೋಟೋ ಸಿಕ್ಕಿತ್ತಂತೆ. ತಂದು ಮೇಜಿನ ಮೇಲಿಟ್ಟರು.

"ಮಧ್ಯ ನಿಂತಿರೋರು ನಿಮ್ಮ ತಮ್ಮನಾ?"

"ನಾನೇ."

ಅಧಿಕಾರಿ ಫೋಟೋದಲ್ಲಿದ್ದ ಗುಂಗುರು ಕೂದಲನ್ನು ನೋಡಿದರು. ಎದುರಿಗಿದ್ದ ತಲೆಯನ್ನು ನೋಡಿದರು. ಆ ತಲೆಯಲ್ಲಿ ಅಂಗಡಿಯ ಟ್ಯೂಬ್‌ಲೈಟು ಇಡಿಯಾಗಿ ಕಾಣುತ್ತಿತ್ತು.

"ಕಾಲಕ್ಕೆ ಕರುಣೆ ಅನ್ನೋದೇ ಇಲ್ಲ ನೋಡಿ. ಹೋಗ್ಲಿ, ಮಿಕ್ಕವರು ಇದಾರಾ?"

"ಇದಾರೆ."

"ಇದಾರೆ ಅಂದ್ರೆ, ಉಸಿರು ಗಿಸಿರು ಚೆನ್ನಾಗಿದೆಯಾ? ಊದೋ ವಾದ್ಯ ಅಂತ ಕೇಳ್ದೆ, ತಪ್ಪು ತಿಳಿಬೇಡಿ."

ಕನ್ನಡಕದವರು ಒಪ್ಪಿಬಿಟ್ಟರು. ಒಪ್ಪಿದ ವಾರದಲ್ಲೇ ಊರ ಗೋಡೆಗಳ ಮೇಲೆ ಆ ಫೋಟೋದ ಪೋಸ್ಟರು ಬಂತು. ಅವರ ಅಂಗಡಿಯ ಗಾಜಿನ ಬಾಗಿಲಿಗೂ ಒಂದು ಅಂಟಿತು. ಬಂದ ಗಿರಾಕಿ ಹೊರಗೆ ನಿಂತು ಪೋಸ್ಟರು ನೋಡುವುದು, ಗಾಜಿನೊಳಗೆ ಅವರನ್ನು ನೋಡುವುದು, ಮತ್ತೆ ಪೋಸ್ಟರು ನೋಡುವುದು. ಕೆಲವರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ನಂಬರು ಬದಲಾಗಿದೆಯೇನೋ ಎಂದು ಒಬ್ಬರು ಕಣ್ಣಿನ ಪರೀಕ್ಷೆಗೇ ಕೂತರು.

ಇದನ್ನು ಎಷ್ಟು ದಿನ ತಡೆಯುವುದು? ಕನ್ನಡಕದವರು ಯಾರಿಗೂ ಹೇಳದೆ ಪಕ್ಕದ ಊರಿಗೆ ಹೋಗಿ ಗುಂಗುರು ಕೂದಲಿನ ಒಂದು ಟೋಪನ್ ಕೊಂಡು, ಅಲ್ಲೇ ತಲೆಗೆ ಹಾಕಿಕೊಂಡು, ಏನೂ ಆಗದವರ ಹಾಗೆ ಮನೆಗೆ ಬಂದರು.

ಹೆಂಡತಿ ಬಾಗಿಲು ತೆರೆದು, "ಯಾರು ಬೇಕಿತ್ತು?" ಎಂದಳು.

"ನಾನೇ ಕಣೇ."

ಅವಳು ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಮನಸ್ಸೆಲ್ಲ ಬೇರೆ ಕಡೆಗಿತ್ತು. "ತಲೆ ಏನಾದ್ರೂ ಮಾಡ್ಕೊಳ್ಳಿ. ಅಣ್ಣನ ಹತ್ರ ಹೋಗಿದ್ದೆ. ಬರ್ತೀನಿ ಅಂದ."

"ಬರದೇ ಏನು ಮಾಡ್ತಾರೆ."

"ಒಂದು ಮಾತು ಹೇಳಿದಾನೆ. ಅಭ್ಯಾಸದಲ್ಲಿ ಏನಾದ್ರೂ ಆಗ್ಲಿ, ನುಂಗ್ಕೋತಾನಂತೆ. ಜನರ ಮುಂದೆ ಮಾತ್ರ ಅವನ ಸರದೀನ ಅವನೇ ಮುಗಿಸಬೇಕು. ಇನ್ನೊಂದು ಸಲ ನಡುವೆ ನಿಮ್ಮ ಕೈ ತಲೆಗೆ ಹೋದ್ರೆ, ಈ ಮನೆ ಋಣ ಹರೀತು ಅಂದ. ಆಮೇಲೆ ತರಕಾರಿ ಅಂಗಡಿ ಹತ್ರಾನೂ ಅವನು ನನಗೆ ಸಿಗಲ್ಲ."

"ನನ್ನ ಕೈ ತಲೆ ಹತ್ರಾನೂ ಸುಳಿಯಲ್ಲ ಅಂತ ಹೇಳು ಹೋಗು," ಎಂದರು ಕನ್ನಡಕದವರು, ಗಂಭೀರವಾಗಿ. ಹಾಗೆನ್ನುತ್ತಾ ಎರಡು ಕೈಯಲ್ಲೂ ಟೋಪನ್ ಸರಿಮಾಡಿಕೊಂಡರು. ಹೆಂಡತಿ ಅದನ್ನು ನೋಡಿದಳು.

ಅಂಗಡಿಗೆ ರಜೆ ಇದ್ದ ಮಧ್ಯಾಹ್ನ ಎಲ್ಲರೂ ಅಭ್ಯಾಸಕ್ಕೆ ಅಂಗಡಿಯಲ್ಲೇ ಸೇರಿದರು. ಡ್ರಮ್ಮಿನವರು ಸಲೂನು ಇಟ್ಟುಕೊಂಡವರು. ಮನುಷ್ಯನಿಗಿಂತ ಎತ್ತರದ ಪಿಟೀಲನ್ನು ಹಿಡಿದು ಬಂದವರು, ಒಂದು ದೊಡ್ಡ ಕಚೇರಿಯಲ್ಲಿ ಲಿಫ್ಟು ಏರಿಸಿ ಇಳಿಸಿ ನಿವೃತ್ತರಾದವರು. ಸಲೂನಿನವರು ಒಳಗೆ ಬಂದವರೇ ಕನ್ನಡಕದವರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಕಟಿಂಗ್ ಎಲ್ಲಿ ಮಾಡಿಸಿದ್ರಿ?"

"ಇನ್ನೂ ಮಾಡಿಸಿಲ್ಲ. ಸ್ವಲ್ಪ ಉದ್ದ ಆಗಿದೆ ಅಲ್ವಾ?"

"ಮಾಡಿಸಬೇಡಿ," ಎಂದರು ಸಲೂನಿನವರು ಮೆಲ್ಲಗೆ. "ಇದು ಮತ್ತೆ ಬೆಳೆಯೋ ಜಾತೀದಲ್ಲ."

ಭಾವನವರು ಬಂದರು. ತಂಗಿಯ ಕಡೆ ತಿರುಗಿ ನಿಂತರು. "ನಿಮ್ಮ ಯಜಮಾನರಿಗೆ ಶ್ರುತಿ ಕೊಡೋಕೆ ಹೇಳಮ್ಮ," ಎಂದರು. ಯಜಮಾನರು ಒಂದು ಮೊಳ ದೂರದಲ್ಲಿದ್ದರು. "ಕೊಡ್ತಾರಂತೆ ಅಂತ ಹೇಳು ನಿಮ್ಮಣ್ಣನಿಗೆ," ಎಂದರು ಇವರು. ಪಾಪ, ಅವಳು ಎರಡನ್ನೂ ಹೇಳಿದಳು.

ಇಲ್ಲಿ ಟೋಪನ್ನಿನ ಸ್ವಭಾವ ತಿಳಿಯಬೇಕು. ಸುಮ್ಮನೆ ಕೂತವನ ತಲೆಯ ಮೇಲೆ ಅದೂ ಸುಮ್ಮನೆ ಕೂರುತ್ತದೆ. ಟ್ರಂಪೆಟ್ ಊದುವವನಿಗೆ ಹಾಗಲ್ಲ. ಕೆನ್ನೆ ಉಬ್ಬುತ್ತದೆ, ಹಣೆ ಏರುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ತಲೆಯ ಚರ್ಮವೆಲ್ಲ ಹಾಸಿಗೆ ಕೊಡವಿದ ಹಾಗೆ ಅಲ್ಲಾಡುತ್ತದೆ. ಮುಖಂಡರಾದ್ದರಿಂದ ಮೊದಲ ಸರದಿ ಕನ್ನಡಕದವರದು. ಅವರು ಊದಿ ಮುಗಿಸುವಾಗ ಟೋಪನ್ ಹಣೆಗೆ ಇಳಿದಿರುತ್ತಿತ್ತು. ಎರಡನೆಯ ಸರದಿ ಭಾವನವರದು. ಅವರು ರಂಗೇರುವ ಹೊತ್ತಿಗೆ ಟೋಪನ್ ಹುಬ್ಬಿಗೆ ಬರುತ್ತಿತ್ತು. ಟ್ರಂಪೆಟ್ ಕಂಕುಳಲ್ಲಿ, ಕೈ ಖಾಲಿ. ಖಾಲಿ ಕೈ, ಅವರಿಗೇ ಗೊತ್ತಾಗದೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು.

ಕೈ ಹೋದ ತಕ್ಷಣ ಸಲೂನಿನವರು ಪಲ್ಲವಿಗೆ ತಿರುಗಿದರು. ಲಿಫ್ಟಿನವರು ತಿರುಗಿದರು. ಭಾವನವರು ಒಂದು ಕಣ್ಣು ತೆರೆದು ನೋಡಿ, ವಿಷ ಕುಡಿದವರಂತೆ ಪಲ್ಲವಿ ನುಡಿಸಿದರು. ಕನ್ನಡಕದವರಿಗೆ ಒಳಗೊಳಗೇ ಬೇಜಾರಾಯಿತು. ವಯಸ್ಸಾಗಿದೆ, ಇವರಿಗೆ ಲೆಕ್ಕ ತಪ್ಪುತ್ತಿದೆ, ಪಾಪ ಭಾವನ ಸರದಿ ಬಂದ ಕೂಡಲೇ ಎಲ್ಲ ಮರೆತು ಮೊದಲಿಗೇ ಓಡುತ್ತಾರೆ ಎಂದುಕೊಂಡರು. ಇನ್ನೊಮ್ಮೆ ಶುರು ಮಾಡಿಸಿದರು. ಇನ್ನೊಮ್ಮೆ ಹಾಗೇ ಆಯಿತು, ಮುಂದಿನ ಅಭ್ಯಾಸಗಳಲ್ಲೂ ಹಾಗೇ ಆಯಿತು. ಅಂಗಡಿಯ ಗೋಡೆಯಲ್ಲಿದ್ದ ಕನ್ನಡಕಗಳೆಲ್ಲ ಸಾಲಾಗಿ ಕೂತು ನೋಡಿದ್ದು ಒಂದೇ ಪಲ್ಲವಿ.

ಹಾಗಾದರೆ ಯಾರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಒಬ್ಬೊಬ್ಬರಿಗೆ ಒಂದೊಂದು ಧರ್ಮ ಅಡ್ಡ ಬಂತು. ಕೈಯ ಮಾತು ತೆಗೆದರೆ ತಲೆಯ ಮಾತು ಬರುತ್ತದೆ, ತಲೆಯ ಮಾತು ಬಂದರೆ ಟೋಪನ್ನಿನ ಮಾತು ಬರುತ್ತದೆ. ಗಿರಾಕಿಯ ಮಾನ ಕಾಯುವುದು ಸಲೂನಿನವರ ಧರ್ಮ. ಲಿಫ್ಟಿನವರನ್ನು ಭಾವನವರೇ ಒಮ್ಮೆ ಮೂಲೆಗೆ ಕರೆದು, "ನೀವಾದ್ರೂ ಯಾಕೆ ಅಂತ ಕೇಳಬಾರದಾ?" ಎಂದರು.

"ನಾನು ಜೀವಮಾನ ಎಲ್ಲ ಲಿಫ್ಟಲ್ಲಿ ಕಳೆದೋನು. ಗುಂಡಿ ಒತ್ತಿದ ಕಡೆ ಹೋಗೋದು ನನ್ನ ಕೆಲಸ. ಮೂರನೇ ಅಂತಸ್ತಲ್ಲಿ ನಿಮಗೇನು ಕೆಲಸ ಅಂತ ನಾನು ಯಾರನ್ನೂ ಕೇಳಿಲ್ಲ," ಎಂದರು ಅವರು.

ಮಹಡಿ ಮೇಲಿದ್ದ ವಕೀಲಮ್ಮ ಇಳಿದು ಬಂದರು. "ನಿಮ್ಮ ಹಾಡಿನ ಶುರು ಬಹಳ ಚೆನ್ನಾಗಿದೆ. ನಮ್ಮನೇಲಿ ಎಲ್ಲರಿಗೂ ಬಾಯಿಪಾಠ ಆಗಿದೆ. ಮುಂದಕ್ಕೆ ಏನಾಗುತ್ತೆ ಅಂತ ಒಂದು ಸಲ ಕೇಳಿಸಿಬಿಡಿ, ಪುಣ್ಯ ಬರುತ್ತೆ," ಎಂದು ಕೈ ಮುಗಿದರು.

ಅಭ್ಯಾಸ ಮುಗಿದ ಮೇಲೆ ಹೆಂಡತಿ ಗಂಡನ ಮುಂದೆ ಕೂತಳು. "ಯಾಕೆ ಹೀಗೆ ಮಾಡ್ತೀರಿ?"

"ನಾನೇನು ಮಾಡ್ದೆ? ಅವರಿಗೆ ಹೇಳು."

"ನಾನೇನು ಮಾಡ್ದೆ ಅಂತ ನನ್ನನ್ನೇ ಕೇಳ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ?" ಎಂದು ಎದ್ದು ಒಳಗೆ ಹೋದಳು. ಗಂಡನಿಗೆ ಅಣ್ಣನ ಮೇಲಿನ ಹಳೆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಮುಖದ ಮೇಲೆ ಮುಗ್ಧತೆ ಹಚ್ಚಿಕೊಂಡು ಕೂತಿದ್ದಾರೆ ಎಂದು ಅವಳ ತೀರ್ಮಾನ. ಸಲೂನಿನವರೂ ಲಿಫ್ಟಿನವರೂ ಅಣ್ಣನಿಗೆ ಅನ್ಯಾಯ ಮಾಡುತ್ತಿರುವುದನ್ನು ನೋಡಲಾರದೆ ನೊಂದಿದ್ದಾಳೆ ಎಂದು ಇವರ ತೀರ್ಮಾನ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದರೆ ಇದೇ.

ಕಾರ್ಯಕ್ರಮದ ಸಂಜೆ ಬಂತು. ಭವನದಲ್ಲಿ ಹೊಸ ಬಣ್ಣದ ವಾಸನೆ. ಕುರ್ಚಿಗೆ ಒರಗಿದವರ ಬೆನ್ನಿಗೆಲ್ಲ ಹಸಿರು ಪಟ್ಟೆ. ಅಧಿಕಾರಿ ಮೈಕಿನ ಮುಂದೆ ನಿಂತು, ಈ ಹಿರಿಯ ಜೀವಗಳು ನಮ್ಮ ಕಟ್ಟಡದಂತೆಯೇ, ಹೊರಗಿನಿಂದ ಸುಣ್ಣಬಣ್ಣ ಹೋಗಿದ್ದರೂ ಅಡಿಪಾಯ ಗಟ್ಟಿ ಎಂದು ಹೊಗಳಿದರು. ಮೊದಲ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ವಕೀಲಮ್ಮ. ಹೋಟೆಲಿನ ಆ ಸಂಜೆಯ ಮೇಲೆ ಗಂಡನೂ ಅಣ್ಣನೂ ಒಂದೇ ವೇದಿಕೆಯ ಮೇಲೆ ನಿಲ್ಲುವುದನ್ನು ಇನ್ನೊಮ್ಮೆ ನೋಡುವ ಆಸೆಯನ್ನೇ ಅವಳು ಬಿಟ್ಟಿದ್ದಳು. ಈಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು.

ಪಲ್ಲವಿ ಚೆನ್ನಾಗಿ ಬಂತು. ವಕೀಲಮ್ಮನೂ ಜೊತೆಗೆ ಗುನುಗಿದರು. ಕನ್ನಡಕದವರು ತಮ್ಮ ಸರದಿ ಊದಿದರು. ಹಲ್ಲು ಸಡಿಲವಾಗಿತ್ತು, ಉಸಿರು ಅಲ್ಲಲ್ಲಿ ಹರಿದುಹೋಯಿತು, ಆದರೂ ದಡ ಸೇರಿದರು. ಜನ ವಯಸ್ಸಿಗೆ ಮರ್ಯಾದೆ ಕೊಟ್ಟು ಚಪ್ಪಾಳೆ ತಟ್ಟಿದರು. ಟೋಪನ್ ಹಣೆಗಿಳಿದಿತ್ತು.

ಆಮೇಲೆ ಭಾವನವರು ಕಣ್ಣು ಮುಚ್ಚಿದರು.

ಅವರು ಅಂದು ನುಡಿಸಿದ್ದನ್ನು ಮಾತಿನಲ್ಲಿ ಹೇಳುವುದು ಕಷ್ಟ. ತುಂಬಾ ವರ್ಷ ಬೇರೆಯವರ ಬಾಯಿಗೆ ಹಲ್ಲು ಕಟ್ಟಿಕೊಟ್ಟು, ತಾನು ಬಾಯಿ ಮುಚ್ಚಿಕೊಂಡಿದ್ದವನು ಒಮ್ಮೆಗೇ ಮಾತಾಡಿದ ಹಾಗಿತ್ತು. ಮೊದಲು ಮೆಲ್ಲಗೆ, ಯಾರದೋ ಮನೆ ಬಾಗಿಲು ತಟ್ಟಿ ತೆಗೆಯುವವರಿಗಾಗಿ ಕಾಯುತ್ತಿರುವ ಹಾಗೆ. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಅಧಿಕಾರಿ ಫೋನು ಜೇಬಿಗೆ ಹಾಕಿದರು.

ಟೋಪನ್ ಕನ್ನಡಕದ ಮೇಲಂಚಿಗೆ ಬಂದು ಕೂತಿತು. ಕನ್ನಡಕದವರ ಬಲಗೈ ಸೊಂಟದಿಂದ ಎದ್ದು ಭುಜದವರೆಗೆ ಬಂತು. ಅದನ್ನು ಕಂಡು ಹೆಂಡತಿಯ ಜೀವ ಬಾಯಿಗೆ ಬಂತು. ಕೂಗುವಂತಿಲ್ಲ. ಅವಳು ತನ್ನ ತಲೆಯನ್ನೇ ಮುಟ್ಟಿ ತೋರಿಸಿ, ಬೇಡ, ಬೇಡ ಎಂದು ಕೈಯಾಡಿಸಿದಳು. ಟೋಪನ್ ಸೊಟ್ಟಗಾಗಿದೆ ಎನ್ನುತ್ತಿದ್ದಾಳೆ, ಎಷ್ಟಾದರೂ ಕಟ್ಟಿಕೊಂಡವಳು, ಎಂದುಕೊಂಡ ಕನ್ನಡಕದವರ ಕೈ ಇನ್ನೂ ಮೇಲಕ್ಕೆ ಬಂತು. ಗಂಡನಿಗೆ ಕಾಣಿಸುತ್ತಿಲ್ಲವೇನೋ ಎಂದು ವಕೀಲಮ್ಮನೂ ತಲೆ ಮುಟ್ಟಿ ಕೈಯಾಡಿಸಿದರು. ಇದೇನೋ ಈ ಸಂಗೀತದ ಸಂಪ್ರದಾಯವಿರಬೇಕೆಂದು ಪಕ್ಕದ ಅಧಿಕಾರಿಯೂ ತಲೆಯ ಮೇಲೆ ಕೈಯಿಟ್ಟರು. ಅಧಿಕಾರಿ ಇಟ್ಟ ಮೇಲೆ ಕೇಳಬೇಕೇ, ಅವರ ಸಿಬ್ಬಂದಿಯ ಸಾಲು ಸಾಲೇ ಇಟ್ಟಿತು.

ಲಿಫ್ಟಿನವರು ಕಂಗಾಲಾದರು. ಇಷ್ಟು ಗುಂಡಿ ಒಮ್ಮೆಗೇ ಒತ್ತಿದ್ದನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡವರಂತೆ ಒಂದೇ ತಂತಿಯನ್ನು ಮೀಟುತ್ತಾ, ದಿಕ್ಕು ತೋಚದೆ ಕನ್ನಡಕದವರ ಕೈಯನ್ನೇ ನೋಡಿದರು.

ಆ ನೋಟವನ್ನು ಕಂಡು, ಸಾಲುಗಟ್ಟಿದ ಆ ತಲೆಗಳನ್ನೂ ಕೈಗಳನ್ನೂ ಕಂಡು, ಕನ್ನಡಕದವರಿಗೆ ಬೆಳಕಾಯಿತು. ಇಷ್ಟು ದಿನ ಲೆಕ್ಕ ತಪ್ಪಿದ್ದು ಜೊತೆಯವರಿಗಲ್ಲ. ಭಾವನನ್ನು ಪ್ರತಿ ಸಲವೂ ನಡುದಾರಿಯಿಂದ ಎಳೆದು ತಂದದ್ದು ತಮ್ಮ ಈ ಕೈ.

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹೆಂಡತಿ ಉಸಿರು ಬಿಟ್ಟಳು. ಭಾವನವರು ಕಣ್ಣು ತೆರೆದಿರಲಿಲ್ಲ, ಅವರಿಗೆ ಏನೂ ಗೊತ್ತಾಗಿರಲಿಲ್ಲ. ಟೋಪನ್ ಇನ್ನೂ ಜಾರಿ ಕನ್ನಡಕವನ್ನು ಪೂರ್ತಿ ಮುಚ್ಚಿತು. ಒಂದು ಗುಂಗುರು ಮೂಗಿನೊಳಗೆ ಇಳಿಯಿತು. ಕತ್ತಲೆಯಲ್ಲಿ ನಿಂತು, ಸೀನನ್ನು ಅದುಮಿಟ್ಟುಕೊಂಡು, ಕನ್ನಡಕದವರು ಭಾವನ ಸರದಿಯನ್ನು ಇಷ್ಟು ದೂರದವರೆಗೆ ಬಾಳಿನಲ್ಲಿ ಮೊದಲ ಸಲ ಕೇಳಿದರು. ಇಂಥವನನ್ನು ನಾನು ನಿಲ್ಲಿಸಿದೆನೇ ಎನಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದರು. ಆದರೆ ಒಳ್ಳೆಯ ಬುದ್ಧಿ ಬಂದವನನ್ನು ಹಿಡಿದು ನಿಲ್ಲಿಸುವವರು ಯಾರು? ಎಲ್ಲಕ್ಕೂ ಮೂಲ ಈ ಹಾಳು ಟೋಪನ್, ಮಾನ ಹೋದರೆ ಹೋಗಲಿ, ಊರೆದುರಿಗೇ ಇದನ್ನು ಕಿತ್ತೆಸೆಯುತ್ತೇನೆ, ಭಾವ ಕಣ್ಣು ತೆರೆದಾಗ ನನ್ನ ಬರಿದಲೆ ನೋಡಿ ಎಲ್ಲ ಅರ್ಥ ಮಾಡಿಕೊಳ್ಳಲಿ ಎಂದು ಅವರು ನಿರ್ಧರಿಸಿದರು. ಅಷ್ಟು ದೊಡ್ಡ ತ್ಯಾಗವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ. ಬೆನ್ನ ಹಿಂದಿನಿಂದ ಕೈ ತೆಗೆದರು. ಎತ್ತಿದರು. ನೆತ್ತಿಯ ಮೇಲಿಟ್ಟರು.

ಟೋಪನ್ನನ್ನು ತಲೆಯಿಂದ ಕೀಳಬೇಕಾದರೆ ಮೊದಲು ಕೈಯನ್ನು ತಲೆಯ ಮೇಲಿಡಲೇಬೇಕು. ಇದು ಅವರಿಗೆ ಹೊಳೆದದ್ದು ಇಟ್ಟ ಮೇಲೆ.

ಭಾವನವರು ಕಣ್ಣು ತೆರೆದದ್ದು ಅದೇ ಗಳಿಗೆಯಲ್ಲಿ. ಎತ್ತರದ ತುದಿಯಲ್ಲಿದ್ದರು, ಇನ್ನೊಂದೇ ಹೆಜ್ಜೆ. ಕಂಡದ್ದು ಆ ಕೈ. ಮುಖಂಡರ ಕೈ ಹೋದ ಮೇಲೆ ಇನ್ನೇನು, ಸಲೂನಿನವರೂ ಲಿಫ್ಟಿನವರೂ ಚಾಚೂ ತಪ್ಪದೆ ಪಲ್ಲವಿಗೆ ತಿರುಗಿದರು. ಭಾವನವರು ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದರು. ಕೊರಳ ಪಟ್ಟಿ ಬಿಚ್ಚಿದರು. ಪಕ್ಕದ ಬಾಗಿಲಿನಿಂದ ಇಳಿದು ಹೋದರು. ಅವರ ಬೆನ್ನು ಮರೆಯಾಗುವ ಹೊತ್ತಿಗೆ ಟೋಪನ್ ಕನ್ನಡಕದವರ ಕೈಗೆ ಬಂತು, ಟ್ಯೂಬ್‌ಲೈಟುಗಳೆಲ್ಲ ಅವರ ತಲೆಗೆ ಬಂದವು.

ಭವನ ಸಿಡಿದ ಹಾಗೆ ಚಪ್ಪಾಳೆ. ಜನ ಎದ್ದು ನಿಂತು ನಕ್ಕರು. ಅಧಿಕಾರಿ ವೇದಿಕೆಗೆ ಓಡಿ ಬಂದು ಕೈ ಹಿಡಿದು ಕುಲುಕಿದರು.

"ಎಂಥಾ ಕಾಮಿಡಿ ಸಾರ್. ಅವರು ಕೋಪ ಮಾಡ್ಕೊಂಡು ಹೋಗೋ ಹಾಗೆ ಹೋಗಿದ್ದಂತೂ ನಿಜಾನೇ ಅನ್ನಿಸ್ತು. ಮುಂದಿನ ತಿಂಗಳು ಮಂತ್ರಿಗಳು ಬರ್ತಾರೆ, ಇದನ್ನೇ ಇನ್ನೊಂದ್ಸಲ ಮಾಡಿಬಿಡಿ. ನಡುವೆ ಸಂಗೀತ ಸ್ವಲ್ಪ ಕಮ್ಮಿ ಮಾಡಿ."

ಕನ್ನಡಕದವರು ಕೈ ಬಿಡಿಸಿಕೊಂಡು ಓಡಿದರು.

ಭವನದ ಹಿಂದಿನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಭಾವನವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕನ್ನಡಕದವರು ಟೋಪನ್ನನ್ನು ಸತ್ತ ಇಲಿಯಂತೆ ಹಿಡಿದುಕೊಂಡು ಎದುರಿಗೆ ನಿಂತರು. ನಡುವೆ ಹೇಳಿ ಕಳಿಸಲು ಯಾರೂ ಇರಲಿಲ್ಲ. ಅಷ್ಟು ವರ್ಷಗಳ ಮೇಲೆ ನೇರವಾಗಿ ಮಾತಾಡಬೇಕಾಯಿತು.

"ಭಾವ, ಇದು ಟೋಪನ್."

"ಗೊತ್ತು. ಹಲ್ಲು ಕಟ್ಟೋನಿಗೆ ಕೂದಲು ಗೊತ್ತಾಗಲ್ವಾ? ಊರಿಗೆಲ್ಲ ಗೊತ್ತು."

"ಜಾರ್ತಿತ್ತು ಭಾವ. ಊದಿದಾಗೆಲ್ಲ ಜಾರ್ತಿತ್ತು. ತಡೆಯೋಕೆ ಕೈ ಹೋಗ್ತಿತ್ತು. ನಿಮ್ಮನ್ನ ನಿಲ್ಲಿಸೋಕಲ್ಲ. ಇವತ್ತೂ ಕಿತ್ತು ಬಿಸಾಕೋಕೆ ಅಂತಲೇ ಕೈ ಇಟ್ಟಿದ್ದು."

ಭಾವನವರು ಮೊದಲ ಸಲ ತಲೆಯೆತ್ತಿ ನೋಡಿದರು. ಟೋಪನ್ನನ್ನು ಇಸಿದುಕೊಂಡು, ತಿರುಗಿಸಿ ಒಳಗಿನ ಬಲೆ ನೋಡಿದರು. ಅಂಚನ್ನು ಎಳೆದು ನೋಡಿದರು. "ಅಳತೆ ದೊಡ್ಡದಾಯ್ತು," ಎಂದರು. "ಜಾರುತ್ತೆ ಅಂತ ಗೊತ್ತಿರಲಿಲ್ಲ. ಹಾಗಾದ್ರೆ ಅಭ್ಯಾಸದಲ್ಲಿ ಆಗಿದ್ದೂ ಇದರ ತಪ್ಪೇ?"

"ಇದರದೇ."

"ಇವತ್ತಿಂದೂ?"

"ಇದರದೇ ಭಾವ. ಆಣೆ."

ಭಾವನವರ ಮೀಸೆಯ ಕೆಳಗೆ ಸಣ್ಣ ನಗೆ ಬಂತು. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. ಕನ್ನಡಕದವರು ಕೂತರು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಹಿಂದೆ ಚಪ್ಪಲಿಯ ಸದ್ದಾಯಿತು. ಹೆಂಡತಿ ಓಡಿ ಬಂದವಳು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದನ್ನು ಕಂಡು, ಮಾತು ಕೇಳಿಸುವಷ್ಟು ದೂರದಲ್ಲೇ ನಿಂತಳು.

"ಹೋಟೆಲಲ್ಲಿ ಅವತ್ತು?" ಎಂದರು ಭಾವನವರು.

ಕನ್ನಡಕದವರು ಕನ್ನಡಕ ತೆಗೆದು ಒರೆಸತೊಡಗಿದರು.

"ಅವತ್ತು ನಿಮ್ಮ ತಲೇಲಿ ಬಾಚಣಿಗೆ ಮುರಿಯೋಷ್ಟು ಕೂದಲಿತ್ತು. ಸ್ವಂತದ್ದು. ಅವತ್ತು ಯಾಕೆ ಕೈ ಹೋಯ್ತು?"

ನಿಜ ಒಂದೇ ಮಾತಿನದು. ಜನ ಊಟ ಮರೆತು ನಿಮ್ಮನ್ನೇ ಕೇಳಿದ್ದು ನನ್ನಿಂದ ಸಹಿಸಲಾಗಲಿಲ್ಲ ಎಂದರೆ ಮುಗಿಯುತ್ತಿತ್ತು. ಭಾವನವರು ಅದನ್ನು ಕೇಳಲಿಕ್ಕೇ ಜಾಗ ಮಾಡಿಕೊಟ್ಟು ಕೂತಿದ್ದರು. ಊರೆದುರಿಗೆ ತಲೆ ಬರಿದು ಮಾಡಿಕೊಂಡು ಬಂದ ಕನ್ನಡಕದವರು ಬಾಯಿ ತೆರೆದರು. ನಾಲಿಗೆ ತುದಿಗೆ ಬಂದದ್ದು ಬೇರೆಯೇ.

"ಊಟದ ಹೊತ್ತಾಗಿತ್ತು ಭಾವ," ಎಂದರು.

ಭಾವನವರು ಟೋಪನ್ನನ್ನು ನೀಟಾಗಿ ಮಡಿಸಿ, ಅವರ ತೊಡೆಯ ಮೇಲಿಟ್ಟರು. ಬಸ್ಸು ಬಂತು. ಪೆಟ್ಟಿಗೆ ಎತ್ತಿಕೊಂಡು ಹತ್ತಿದರು.

"ಅಣ್ಣ, ನನಗೂ ಒಂದು ಸೀಟು ಹಿಡಿ," ಎಂದಳು ಹೆಂಡತಿ.

ಕನ್ನಡಕದವರು ಗಾಬರಿಯಿಂದ ಎದ್ದರು. "ನೀನೆಲ್ಲಿಗೆ?"

"ಅಣ್ಣನ ಮನೆ ಹೇಗಿದೆ ಅಂತ ನೋಡಿ ಎಷ್ಟು ಕಾಲ ಆಯ್ತು."

"ಮತ್ತೆ, ವಾಪಸ್ಸು?"

ಅವಳು ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ತಿರುಗಿ ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಊಟದ ಹೊತ್ತಿಗೆ ಬರ್ತೀನಿ," ಎಂದಳು.

ಬಸ್ಸು ಹೊರಟಿತು. ಕಿಟಕಿಯಲ್ಲಿ ಅಣ್ಣತಂಗಿ ಪಕ್ಕಪಕ್ಕ ಕೂತು ಆಗಲೇ ಮಾತಿಗೆ ಇಳಿದಿದ್ದರು. ಬರುತ್ತಾಳಂತಲ್ಲ, ಸದ್ಯ, ಎಂದು ಕನ್ನಡಕದವರು ಸಮಾಧಾನ ಮಾಡಿಕೊಂಡರು. ಯಾವ ದಿನದ ಊಟ ಎಂದು ಕೇಳಬೇಕಿತ್ತು ಎಂದು ಹೊಳೆಯುವ ಹೊತ್ತಿಗೆ ಬಸ್ಸು ತಿರುವು ದಾಟಿತ್ತು.